ಹಡಗಿನ ತಂತಿಯೊಳಗಿನ ಅಲೆ

2010ರ ಸೆಪ್ಟೆಂಬರ್ 23, ಬೆಳಗಿನ ಜಾವ 4.25. ಬಾರ್ಸಿಲೋನಾ ಬಂದರಿನತ್ತ ಬರುತ್ತಿದ್ದ, 345 ಮೀಟರ್ ಉದ್ದದ ‘ಕ್ವೀನ್ ಮೇರಿ 2’ ಹಡಗಿನ ಹಿಂಭಾಗದಲ್ಲಿ ಸ್ಫೋಟವಾಯಿತು. ಕೆಲವೇ ಸೆಕೆಂಡುಗಳಲ್ಲಿ ನಾಲ್ಕೂ ಪ್ರೊಪಲ್ಷನ್ ಮೋಟಾರುಗಳು ನಿಂತವು. ಅದರ ಬೆನ್ನಿಗೇ ಹಡಗಿಡೀ ಕತ್ತಲು. ಪುಣ್ಯಕ್ಕೆ ಹತ್ತಿರದಲ್ಲಿ ಡಿಕ್ಕಿಯಾಗುವಂಥದ್ದೇನೂ ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ತುರ್ತು ಜನರೇಟರ್ ತಾನಾಗಿ ಚಾಲೂ ಆಯಿತು. ಸುಮಾರು ಒಂದು ಗಂಟೆಯ ಬಳಿಕ ಎರಡೇ ಮೋಟಾರುಗಳ ಬಲದಲ್ಲಿ ಹಡಗು ಹೊರಟಿತು. ಬ್ರಿಟನ್ನಿನ ಸಾಗರ ಅಪಘಾತ ತನಿಖಾಧಿಕಾರಿಗಳು ಹುಡುಕಿದಾಗ ಸಿಕ್ಕಿದ ಮೂಲ, ಹಾರ್ಮಾನಿಕ್ ಫಿಲ್ಟರಿನೊಳಗೆ ಹಾಳಾದ ಕೆಪಾಸಿಟರ್. ಅದು ಹದಗೆಡುತ್ತಿದೆ ಎಂದು ಎಚ್ಚರಿಸಬೇಕಿದ್ದ ಸಾಧನವೂ ಬಹಳ ಕಾಲದಿಂದ ಕೆಟ್ಟು ಕೂತಿತ್ತು.

ಹಡಗಿಗೆ ಈ ಫಿಲ್ಟರ್ ಯಾಕೆ ಬೇಕು? ಕ್ವೀನ್ ಮೇರಿ 2ರಲ್ಲಿ ಎಂಜಿನ್ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದಿಲ್ಲ. ನಾಲ್ಕು ಡೀಸೆಲ್ ಎಂಜಿನ್, ಎರಡು ಗ್ಯಾಸ್ ಟರ್ಬೈನ್ ಸೇರಿ 11,000 ವೋಲ್ಟಿನ ವಿದ್ಯುತ್ ತಯಾರಿಸುತ್ತವೆ. ಕನ್ವರ್ಟರುಗಳು ಅದರ ಫ್ರೀಕ್ವೆನ್ಸಿ ಬದಲಿಸಿ ಪ್ರೊಪೆಲ್ಲರ್ ತಿರುಗಿಸುವ ತಲಾ 21.5 ಮೆಗಾವ್ಯಾಟಿನ ಮೋಟಾರುಗಳಿಗೆ ಕೊಡುತ್ತವೆ. ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸುವ ಇಂಥ ಕನ್ವರ್ಟರುಗಳು ಕರೆಂಟನ್ನು ನಯವಾಗಿ ಎಳೆದುಕೊಳ್ಳದೆ ತುಂಡುತುಂಡಾಗಿ ಎಳೆಯುತ್ತವೆ. ಹಾಗಾಗಿ ಮೂಲ ಫ್ರೀಕ್ವೆನ್ಸಿಯ ಹಲವು ಪಟ್ಟಿನ ಅಲೆಗಳು, ಅಂದರೆ ಹಾರ್ಮಾನಿಕ್‌ಗಳು, ಹುಟ್ಟಿ ಹಡಗಿನ ವಿದ್ಯುತ್ ಜಾಲವನ್ನೆಲ್ಲ ಕೆಡಿಸುತ್ತವೆ. ದೇಶದ ಗ್ರಿಡ್‌ ಆಗಿದ್ದರೆ ಅಷ್ಟನ್ನು ಅರಗಿಸಿಕೊಂಡೀತು. ಹಡಗಿನಲ್ಲಿರುವುದು ಬೆರಳೆಣಿಕೆಯ ಜನರೇಟರುಗಳು, ಅದಕ್ಕೇ ಆ ಅಲೆಗಳನ್ನು ಸೋಸುವ ಫಿಲ್ಟರ್ ಬೇಕು.

ಈಗಿನ ಡಿಜಿಟಲ್ ನಿಯಂತ್ರಣ ಈ ಕಲ್ಮಶವನ್ನು ಹುಟ್ಟುವಲ್ಲೇ ಬಹುಪಾಲು ತಡೆಯುತ್ತದೆ. ಸೆಕೆಂಡಿಗೆ 10,000 ಬಾರಿ ಲೆಕ್ಕ ಹಾಕುವ ಒಂದು ಕಂಟ್ರೋಲರನ್ನು ನೋಡಿ. ಪ್ರತಿ ಸಲವೂ ಅದಕ್ಕೆ ಸಿಗುವ ಸಮಯ 100 ಮೈಕ್ರೋಸೆಕೆಂಡ್. ಅಷ್ಟರೊಳಗೆ ಕರೆಂಟ್, ವೋಲ್ಟೇಜ್ ಅಳೆಯಬೇಕು. ಇರಬೇಕಾದ ಅಲೆಗೂ ಇರುವ ಅಲೆಗೂ ಎಷ್ಟು ವ್ಯತ್ಯಾಸವೆಂದು ನೋಡಬೇಕು. ಐಜಿಬಿಟಿ ಎಂಬ ವೇಗದ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಎಷ್ಟು ಹೊತ್ತು ಆನ್ ಆಗಿರಬೇಕೆಂದು ನಿರ್ಧರಿಸಬೇಕು. 60 ಹರ್ಟ್ಸ್‌ನ ಒಂದೇ ಆವರ್ತ ಮುಗಿಯುವುದರೊಳಗೆ ಈ ಕೆಲಸ 160ಕ್ಕೂ ಹೆಚ್ಚು ಸಲ ನಡೆಯುತ್ತದೆ. ಲೆಕ್ಕ ಒಂದೆರಡು ಹೆಜ್ಜೆ ತಡವಾದರೂ ನಿಯಂತ್ರಣವೇ ತೂಗಾಡತೊಡಗಬಹುದು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಮೋಟಾರಿನ ವೇಗ ಕದಲದಂತೆ ಕಾಯುವ ಚುರುಕು ಕಂಟ್ರೋಲರ್, ಜಾಲದ ವೋಲ್ಟೇಜ್ ಕುಸಿದಾಗ ಕಡಿಮೆಯಾದ ಶಕ್ತಿಯನ್ನು ತುಂಬಿಕೊಳ್ಳಲು ಹೆಚ್ಚು ಕರೆಂಟ್ ಎಳೆಯುತ್ತದೆ. ಅದರಿಂದ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. ತನ್ನ ಮೋಟಾರನ್ನು ಚೆನ್ನಾಗಿ ನೋಡಿಕೊಂಡಷ್ಟೂ ಅದು ಹಡಗಿಗೆ ಅಪಾಯ ತರಬಲ್ಲದು. ಒಂದೊಂದೇ ಕನ್ವರ್ಟರನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಪಾಸು ಮಾಡಿದರೆ ಸಾಲದು, ಇಡೀ ಹಡಗಿನ ಜಾಲವನ್ನು ಒಟ್ಟಿಗಿಟ್ಟು ಪರೀಕ್ಷಿಸಲೇಬೇಕು. ಈ ವಿಷಯದಲ್ಲಿ ರಾಜಿ ಸಲ್ಲದು.

ಇದೆಲ್ಲ ದೂರದ ಮಾತಲ್ಲ. ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿಗೆ ನಾರ್ವೆಯ ವಿಲ್ಸನ್ ಕಂಪನಿಯಿಂದ 3,800 ಟನ್ ಸಾಮರ್ಥ್ಯದ ಆರು ಡೀಸೆಲ್-ಎಲೆಕ್ಟ್ರಿಕ್ ಸರಕು ಹಡಗುಗಳ ಆರ್ಡರ್ ಬಂದಿದೆ. ಯುರೋಪಿನ ಕರಾವಳಿಯಲ್ಲಿ ಓಡಾಡಲೆಂದೇ ರೂಪಿಸಿದ ಹಡಗುಗಳಿವು. ಅಲ್ಲಿಂದ ಸುರತ್ಕಲ್ಲಿನ ಎನ್‌ಐಟಿಕೆ ಏನೂ ದೂರವಿಲ್ಲ. ಪವರ್ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಕರಾವಳಿಯ ಹುಡುಗ ಹುಡುಗಿಯರೇ, ಮುಂದಿನ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಒಮ್ಮೆ ಹಡಗಿನ ಸ್ವಿಚ್‌ಬೋರ್ಡಿನ ಕಡೆ ನೋಡಿ. ನಿಮಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.