ಚಿಗರಿ ಕಾಯಲು ದುರ್ಬೀನು

ನಮ್ಮದು ಯಲಬುರ್ಗಾ ಕಡೆಯ ಎರೆ ಹೊಲ, ಮಳೆಯಾಶ್ರಯ. ಅಜ್ಜನ ಕಾಲದಾಗ ಬಲೆ ಹಾಕಿ ಚಿಗರಿ ಬೇಟೆ ಆಡ್ತಿದ್ರಂತೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಮುಗಿದ ಮಾತು. ಚಿಗರಿ ಮೊದಲನೇ ಪಟ್ಟಿಯ ಪ್ರಾಣಿ, ಹೊಡೆದರೆ ಕಮ್ಮಿ ಅಂದರೂ 3 ವರ್ಷ ಜೈಲು. ಆದರೆ ಹೆಸರು ಎರಡೆಲೆ ಬಿಟ್ಟಾಗ ಹಿಂಡು ಹೊಕ್ಕರೆ ಮತ್ತೆ ಬಿತ್ತಬೇಕು. ಹೋದ ವರ್ಷ ಎರಡು ಸಲ ಬಿತ್ತಿದೆ.

ತಂತಿಗೆ ಕರೆಂಟ್ ಬಿಡು ಅಂದವರಿದ್ದರು. ಕುರಿ ಕಾಯೋ ಹುಡುಗರು ಓಡಾಡುವ ದಾರಿ ಅದು. ಒಲ್ಲೆ ಅಂದೆ.

ಹಿಂಡು ಹೊಲದೊಳಗೆ ಬಂದಮೇಲೆ ಬೆನ್ನಟ್ಟಿದರೆ ತುಳಿದೇ ಅರ್ಧ ಹಾಳು. ಬದುವಿನ ಆಚೆ ಇದ್ದಾಗಲೇ ಕಂಡುಹಿಡಿದು ಕೂಗು ಹಾಕಬೇಕು. ಅದಕ್ಕೆ ಜಾತ್ರೆಯಲ್ಲಿ ಒಂದು ದುರ್ಬೀನು ತಂದೆ, 20×50 ಅಂತ ಬರೆದಿತ್ತು. ಕೈ ಚೂರು ಅದುರಿದರೆ ಹಿಂಡೆಲ್ಲ ಕುಣೀತಿತ್ತು. ಹೊತ್ತು ಮುಳುಗಿದರೆ ಬರೀ ಕತ್ತಲು. ದುಡ್ಡು ಹೋಯಿತು.

ಆಮೇಲೆ 8×40 ಕೊಂಡೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣ್ತದ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 5ರ ಸುಮಾರು ಬಂದರೆ ಮಬ್ಬಿನಲ್ಲೂ ಕಾಣುತ್ತದೆ. ಜಾತ್ರೆಯದಕ್ಕೆ ಎರಡೂವರೆ! ಚಿಗರಿ ಬರುವುದೇ ನಸುಕಿಗೆ, ಸಂಜೆಗೆ. ಹಾಗಾಗಿ ಅಂಗಡಿಯವರನ್ನು ಒಪ್ಪಿಸಿ ಸಂಜೆ ಬಯಲಿಗೆ ಒಯ್ದು ನೋಡಿ ಕೊಳ್ಳಿರಿ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ, ಕಣ್ಣು ಹೋದೀತು.

ಕೊರಳಿಗೆ ಹಾಕೋ ಪಟ್ಟಿ ಅಗಲ ಇರಲಿ. ಬ್ಯಾಟರಿ, ಡಬ್ಬಿ, ಸೀಟಿ ಹೇಗೂ ಇರ್ತಾವ.

ಈ ಸಲ ಬದುವಿನ ಪಕ್ಕದ ನಾಲ್ಕು ಸಾಲು ಚಿಗರಿಗೇ ಹೋದವು. ಉಳಿದದ್ದು ರಾಶಿಗೆ ಬಂತು.