ಕುದುರೆಯ ಲದ್ದಿ, ಕುಡಿಯುವ ನೀರು ಮತ್ತು ಮನೆಮಂದಿಯ ಆರೋಗ್ಯ

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ಉತ್ತರ ಕರ್ನಾಟಕದಲ್ಲಿ ಬಹುಕಾಲದಿಂದ ಬಂದ ರೂಢಿ. ಮಂದೆಯ ಜೊತೆಯಲ್ಲಿ ಕುರುಬರ ಕುದುರೆಗಳೂ ಸಾಮಾನು ಸರಂಜಾಮು ಹೊತ್ತು ಬರುತ್ತವೆ. ಕುರಿಯ ಹಿಕ್ಕೆಯಂತೆ ಕುದುರೆಯ ಲದ್ದಿಯೂ ಒಳ್ಳೆಯ ಗೊಬ್ಬರವೇ. ಆದರೆ ಅದು ಕುಡಿಯುವ ನೀರಿಗೋ ಸೊಪ್ಪಿನ ಮಡಿಗೋ ಸೇರಿದರೆ ಕಾಯಿಲೆಗೆ ದಾರಿಯಾಗುತ್ತದೆ.

ಮನುಷ್ಯರಿಗೆ ಅಂಟುವವು ಯಾವುವು?

ಕುದುರೆ ಮರಿಗಳ ಲದ್ದಿಯಲ್ಲಿ ಕಾಣುವ ದೊಡ್ಡ ಬಿಳಿ ದುಂಡುಹುಳು ಮರಿಯನ್ನು ಸೊರಗಿಸುತ್ತದೆಯೇ ಹೊರತು ಮನುಷ್ಯನ ಕರುಳಿನಲ್ಲಿ ನೆಲೆಸುವುದಿಲ್ಲ. ನಾವು ಎಚ್ಚರ ವಹಿಸಬೇಕಾದದ್ದು ಕಣ್ಣಿಗೆ ಸುಲಭವಾಗಿ ಕಾಣದ ಜೀವಿಗಳ ಬಗ್ಗೆ.

ಟ್ರೈಕೊಸ್ಟ್ರಾಂಗೈಲಸ್ ಎಂಬ ಕೂದಲೆಳೆಯಂತಹ ಹುಳು ಕುದುರೆ, ದನ, ಕುರಿ, ಆಡುಗಳ ಹೊಟ್ಟೆಯಲ್ಲಿರುತ್ತದೆ. ಇದರ ಮರಿಹುಳುಗಳು ತೇವವಿರುವ ಸೊಪ್ಪಿಗೆ ಹತ್ತಿ, ಅದನ್ನು ತೊಳೆಯದೆ ಹಸಿಯಾಗಿ ತಿಂದವರ ಹೊಟ್ಟೆಯನ್ನು ಸೇರಬಹುದು.

ಇದಕ್ಕಿಂತ ಹೆಚ್ಚು ಕಾಡುವುದು ಕ್ರಿಪ್ಟೊಸ್ಪೊರಿಡಿಯಂ ಎಂಬ ಏಕಕೋಶ ಜೀವಿ. ಎಳೆಯ ಕರುಗಳಲ್ಲಿ ಇದು ಸಾಮಾನ್ಯ; ಕುದುರೆ ಮರಿಗಳಲ್ಲೂ ಭೇದಿಯನ್ನುಂಟುಮಾಡುತ್ತದೆ. ಲದ್ದಿಯಲ್ಲಿ ಹೊರಬೀಳುವ ಇದರ ಕೋಶಗಳು ಆ ಕ್ಷಣದಿಂದಲೇ ರೋಗ ಹರಡಬಲ್ಲವು. ತಂಪು, ತೇವ ಇದ್ದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಇವು ಹೊಟ್ಟೆ ಸೇರಿದ ಸುಮಾರು ಒಂದು ವಾರದಲ್ಲಿ ನೀರಿನಂತಹ ಭೇದಿ, ಹೊಟ್ಟೆನುಲಿತ ಆರಂಭವಾಗುತ್ತವೆ. ಗಟ್ಟಿಮುಟ್ಟಾದವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಸುಗೂಸುಗಳಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಪ್ರಾಣಾಪಾಯ ತರಬಲ್ಲದು.

ಬ್ಲೀಚಿಂಗ್ ಪುಡಿ ಸಾಲದು

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದೆವೆಂದು ನಿಶ್ಚಿಂತರಾಗುವಂತಿಲ್ಲ. ಈ ಕೋಶಗಳ ಹೊದಿಕೆ ಗಟ್ಟಿಯಾದ್ದರಿಂದ, ಕುಡಿಯುವ ನೀರಿಗೆ ಬೆರೆಸುವಷ್ಟು ಕ್ಲೋರಿನ್‌ಗೆ ಅವು ಸಾಯುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ಲೋರಿನ್ ಬೆರೆಸಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಈ ಭೇದಿ ತಗುಲಿತು. ಆದರೆ ನೀರನ್ನು ಕುದಿಸಿದರೆ ಕೋಶಗಳು ಸಾಯುತ್ತವೆ.

ಅನುಸರಿಸಬೇಕಾದ ಕ್ರಮಗಳು

1. ಮಂದೆಯನ್ನೂ ಕುದುರೆಗಳನ್ನೂ ಬಾವಿ, ಕೆರೆಗಳಿಂದ ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿ ನಿಲ್ಲಿಸಿ. ಈ ಮಾತನ್ನು ಕುರುಬರೊಡನೆ ಮೊದಲೇ ಆಡಿಕೊಳ್ಳಿ.

2. ಹಸಿ ಲದ್ದಿಯನ್ನು ತರಕಾರಿ ಮಡಿಗೆ ಹಾಕಬೇಡಿ. ತಿಪ್ಪೆಯಲ್ಲಿ ರಾಶಿ ಮಾಡಿ, ಆಗಾಗ ಹೊರಗಿನದು ಒಳಗೆ ಬರುವಂತೆ ತಿರುವಿಹಾಕಿ. ಲದ್ದಿ ಬೇಗ ಕಾವೇರುತ್ತದೆ. ರಾಶಿಯ ಎಲ್ಲ ಭಾಗವೂ 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ದಿನ ಇದ್ದರೆ ಮೊಟ್ಟೆ, ಕೋಶಗಳು ನಾಶವಾಗುತ್ತವೆ.

3. ಭೇದಿಯಾಗುತ್ತಿರುವ ಮರಿಯನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ. ಹುಳುಗಳಿಗೆ ಕೊಡುವ ಔಷಧಿ ಕ್ರಿಪ್ಟೊಸ್ಪೊರಿಡಿಯಂಗೆ ತಾಗದು.

4. ಪ್ರಾಣಿ ಮುಟ್ಟಿದ ಮೇಲೆ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಲಾಯದಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ.

5. ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಹಸಿ ಸೊಪ್ಪನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬೇಯಿಸಿ ತಿನ್ನುವುದು ಇನ್ನೂ ಕ್ಷೇಮ.

6. ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಕೂಡಲೇ ಓ.ಆರ್.ಎಸ್. ಕುಡಿಸಲು ಆರಂಭಿಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಮನೆಯಲ್ಲಿ ಕುದುರೆ, ಕರುಗಳಿರುವುದನ್ನು ಅವರಿಗೆ ತಪ್ಪದೆ ತಿಳಿಸಿ.

ಇಷ್ಟು ಮುನ್ನೆಚ್ಚರಿಕೆ ವಹಿಸಿದರೆ ಲದ್ದಿಯ ಸಾರ ಹೊಲಕ್ಕೆ ದಕ್ಕುತ್ತದೆ. ಅದರ ರೋಗ ಮನೆಯೊಳಗೆ ಬರುವುದಿಲ್ಲ.