ಬಲಿತ ಬಿದಿರೂ ಬಗ್ಗುತ್ತದೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅಂತೀವಲ್ಲ, ಮೇದಾರರ ಮನೆಯಲ್ಲಿ ಹುಟ್ಟಿದ ನನಗೆ ಈ ಗಾದೆ ಪೂರ್ತಿ ನಿಜ ಅನ್ನಿಸೋದಿಲ್ಲ. ಬಿದಿರು ಮರವಲ್ಲ, ಹುಲ್ಲಿನ ಜಾತಿ. ನೀರು, ಬೆಂಕಿ ಎರಡೂ ಹದವಾಗಿ ಸಿಕ್ಕರೆ ಬಲಿತ ಮೇಲೂ ಬಗ್ಗುತ್ತದೆ.

ಬಿದಿರಿನ ನಾರುಗಳನ್ನು ಹಿಡಿದಿಟ್ಟಿರುವ ಅಂಟಿನಂಥ ವಸ್ತುವೇ ಲಿಗ್ನಿನ್. ತೇವವಿದ್ದರೆ ಇದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಒಣಗಿದ್ದರೆ ಇನ್ನೂ ಹೆಚ್ಚು ಕಾವು ಬೇಕು. ಅಷ್ಟರಲ್ಲಿ ದಬ್ಬೆ ಸೀದುಹೋಗುವ, ಬಗ್ಗಿಸುವಾಗ ಸೀಳುವ ಭಯ. ಅದಕ್ಕೇ ನಮ್ಮಪ್ಪ ಮೊರದ ಅಂಚಿನ ದಬ್ಬೆಯನ್ನು ಮೊದಲು ನೆನೆಸಿ, ಆಮೇಲೆ ಕೆಂಡದ ಮೇಲೆ ಆಡಿಸುತ್ತಾ ನಿಧಾನಕ್ಕೆ ಬಗ್ಗಿಸ್ತಿದ್ರು. ಹಗ್ಗದಲ್ಲಿ ಕಟ್ಟಿಟ್ಟರೆ, ತಣ್ಣಗಾಗಿ ತೇವ ಆರುವ ತನಕ ಬಿಚ್ಚುತ್ತಿರಲಿಲ್ಲ. ಆರುವಾಗ ಲಿಗ್ನಿನ್ ಮತ್ತೆ ಬಿಗಿಯಾಗಿ ಹೊಸ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ಅವಸರಪಟ್ಟರೆ ದಬ್ಬೆ ಹಿಂದಕ್ಕೆ ಚಿಮ್ಮುತ್ತದೆ.

ಬಗ್ಗಿಸಲು ನೆರವಾದ ನೀರೇ ಮುಂದೆ ಬಾಗನ್ನು ಸಡಿಲಿಸಲೂಬಹುದು. ಹಾಗಾಗಿ ಮೊರ, ಬುಟ್ಟಿಗಳನ್ನು ನೀರಲ್ಲಿ ನೆನೆಹಾಕಬೇಡಿ. ಒದ್ದೆಯಾದರೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಗಾಳಿಗಿಡಿ. ಸುಡುಬಿಸಿಲಿಗಿಟ್ಟರೆ ಒಂದು ಮಗ್ಗುಲು ಬೇಗ ಆರಿ ಸೊಟ್ಟಗಾಗುತ್ತದೆ. ಆಕಾರ ಕೆಟ್ಟಿದ್ದರೆ ಅಂಚಿಗೆ ಒದ್ದೆ ಬಟ್ಟೆ ಸುತ್ತಿಟ್ಟು, ಮೆತ್ತಗಾದ ಮೇಲೆ ಸರಿಯಾಗಿ ಬಗ್ಗಿಸಿ ಕಟ್ಟಿ, ಪೂರ್ತಿ ಆರಲು ಬಿಡಿ.

ಗೌರಿ ಹಬ್ಬದ ಬಾಗಿನಕ್ಕೂ ಈಗ ಪ್ಲಾಸ್ಟಿಕ್ ಮೊರ ಬಂದಿದೆ. ಅಚ್ಚಿನಲ್ಲಿ ಅದು ಕ್ಷಣದಲ್ಲಿ ತಯಾರಾಗುತ್ತದೆ; ನಮ್ಮವರ ಮೊರಕ್ಕೆ ಕೈಯ ಹದ ಬೇಕು, ಕಾಯುವ ತಾಳ್ಮೆ ಬೇಕು. ಈ ಸಲ ಸಂತೆಯಲ್ಲಿ ಬಿದಿರಿನ ಮೊರಕ್ಕೆ ಚೌಕಾಸಿ ಮಾಡೋ ಮೊದಲು ಅದರ ಅಂಚಿನ ಮೇಲೊಮ್ಮೆ ಬೆರಳಾಡಿಸಿ ನೋಡಿ. ಕೊಟ್ಟ ದುಡ್ಡು ಹೆಚ್ಚಾಯ್ತು ಅನ್ನಿಸೋದಿಲ್ಲ.